ಬಳ್ಳಾರಿಯ ಬಿಸಿಲಿಗೆ, ಕೆಂಪು ಧೂಳಿಗೆ ತಾಳುವ ನೈಟ್ರೊ ಇಂಜಿನ್ ಯಾವುದು? (1/8 ಟ್ರಗ್ಗಿ)

ಹೊಲಿಗೆಯಂತ್ರ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಜೀನ್ಸ್ ಹೊಲಿಯುವ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಆದ್ದರಿಂದ ಎಣ್ಣೆ, ಬೇರಿಂಗ್, ಸವೆತ ಇವೆಲ್ಲ ನನ್ನ ಕೈಗೆ ಗೊತ್ತಿವೆ, ಆದರೆ ರಿಮೋಟಿನಿಂದ ಓಡಿಸುವ ಗಾಡಿಗಳಲ್ಲಿರುವ, ಮೆಥನಾಲ್ ಮತ್ತು ನೈಟ್ರೊಮೀಥೇನ್ ಬೆರೆತ ಇಂಧನದ ನೈಟ್ರೊ ಇಂಜಿನ್ನಿನ ವಿಷಯದಲ್ಲಿ ನಾನು ಪೂರ್ತಿ ಹೊಸಬ. ಎರಡು ವರ್ಷ ಬ್ಯಾಟರಿಯ ರಿಮೋಟ್ ಬಗ್ಗಿ ಓಡಿಸಿದ ಮೇಲೆ, ಕಳೆದ ತಿಂಗಳು ಬೆಂಗಳೂರಿನ ಒಬ್ಬರಿಂದ 1/8 ಅಳತೆಯ (ನಿಜ ಗಾಡಿಯ ಎಂಟನೆಯ ಒಂದು ಭಾಗದಷ್ಟಿರುವ) ಟ್ರಗ್ಗಿಯೊಂದನ್ನು, ಅಂದರೆ ದೊಡ್ಡ ಟೈರಿನ ಭಾರದ ಬಗ್ಗಿಯನ್ನು, ಕೊಂಡು ತಂದಿದ್ದೇನೆ. ಇಂಜಿನ್, ಹೊಗೆಯ ಪೈಪ್, ಕ್ಲಚ್ ಯಾವುದೂ ಇಲ್ಲದ ಬರೀ ಗಾಡಿ ಅದು. ಮೂರೂ ಡಿಫರೆನ್ಷಿಯಲ್‌ಗಳನ್ನು ಬಿಚ್ಚಿ ಎಣ್ಣೆ ಬದಲಿಸಿದ್ದೇನೆ, ಶಾಕ್‌ಗಳಿಗೆ ಹೊಸ ಸೀಲ್ ಹಾಕಿದ್ದೇನೆ, 150 ಸಿಸಿಯ ಟ್ಯಾಂಕಿನಲ್ಲಿ ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಂಡಿದ್ದೇನೆ. ಈಗ ಉಳಿದಿರುವುದು ಇಂಜಿನ್ನಿನ ಆಯ್ಕೆ, ಮತ್ತು ಅಲ್ಲಿಯೇ ನಾನು ಹದಿನೈದು ದಿನಗಳಿಂದ ನಿಂತುಬಿಟ್ಟಿದ್ದೇನೆ.

ನಾವು ಆರು ಜನ ಗೆಳೆಯರು ಊರ ಹೊರಗಿನ ಮಸಾರಿ ಬಯಲಿನಲ್ಲಿ ಗುದ್ದಲಿ ಹಿಡಿದು ನಾವೇ ಮಾಡಿಕೊಂಡ ಟ್ರ್ಯಾಕಿನಲ್ಲಿ ಓಡಿಸುತ್ತೇವೆ. ನೇರ ಹಾದಿ ಕಡಿಮೆ, ತಿರುವುಗಳು ಹೆಚ್ಚು, ಮೂರು ಜಿಗಿತಗಳಿವೆ. ನೀರು ಹೊಡೆದರೂ ಅರ್ಧ ಗಂಟೆಯಲ್ಲಿ ಮಣ್ಣು ಒಣಗಿ, ಗಾಡಿಯ ಹಿಂದೆ ಕೆಂಪು ಧೂಳಿನ ಬಾಲವೇ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲವಾದ್ದರಿಂದ ಸಂಜೆ ನಾಲ್ಕರ ಮೇಲೆಯೇ ಮೈದಾನಕ್ಕೆ ಇಳಿಯುತ್ತೇವೆ.

ನನ್ನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, 3.5 ಸಿಸಿಯ ಹೊಸ ರೇಸ್ ಇಂಜಿನ್. ಇದಕ್ಕೆ ಹಗ್ಗ ಎಳೆಯುವ ಸ್ಟಾರ್ಟರ್ ಇರುವುದಿಲ್ಲವಾದ್ದರಿಂದ ಗಾಡಿಯನ್ನು ಮೇಲಿಟ್ಟು ಇಂಜಿನ್ ಶುರುಮಾಡುವ ಸ್ಟಾರ್ಟರ್ ಬಾಕ್ಸನ್ನೂ ಬೇರೆ ಕೊಳ್ಳಬೇಕು. ಎರಡನೆಯದು, ಹಗ್ಗದ ಸ್ಟಾರ್ಟರ್ ಇರುವ 4.6 ಸಿಸಿಯ ದೊಡ್ಡ ಇಂಜಿನ್. ಟ್ರಗ್ಗಿ ಭಾರದ ಗಾಡಿ, ಅದಕ್ಕೆ ದೊಡ್ಡ ಇಂಜಿನ್ನೇ ಸರಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಮೂರನೆಯದು, ಹೆಸರಾಂತ ತಯಾರಕರ 3.5 ಸಿಸಿಯ ಹಳೆಯ ಇಂಜಿನ್ ಒಂದು ಅರ್ಧ ಬೆಲೆಗೆ ಸಿಗುತ್ತಿದೆ. ಹತ್ತು ಲೀಟರ್ ಇಂಧನ ಮಾತ್ರ ಓಡಿದೆ ಎಂದು ಮಾರುವವರು ಹೇಳುತ್ತಾರೆ. ಇಂಜಿನ್, ಪೈಪ್, ಕ್ಲಚ್, ಸ್ಟಾರ್ಟರ್ ಎಲ್ಲ ಸೇರಿ ಐವತ್ತು ಸಾವಿರ ರೂಪಾಯಿಗಿಂತ ಹೆಚ್ಚು ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಮೂರು ಪೋರ್ಟ್, ಐದು ಪೋರ್ಟ್, ಏಳು ಪೋರ್ಟ್ ಎಂಬ ಲೆಕ್ಕ ನನಗೆ ಅರ್ಥವಾಗಿಲ್ಲ, ಮತ್ತು ಪೆಟ್ಟಿಗೆಯ ಮೇಲೆ ಬರೆದಿರುವ ಅಶ್ವಶಕ್ತಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದೂ ತಿಳಿಯದು. ಈ ಭಾಗದ ಹವೆಯಲ್ಲಿ, ಈ ಮಣ್ಣಿನಲ್ಲಿ ಓಡಿಸಿದವರು ದಯವಿಟ್ಟು ತಿಳಿಸಿಕೊಡಬೇಕು.

ಎರಡು ಸ್ಟ್ರೋಕ್, ರಾಯಚೂರು

ನಿಮ್ಮ ಪ್ರಶ್ನೆಯಲ್ಲಿ ಟ್ರ್ಯಾಕಿನ ವಿವರವನ್ನೂ ಹವೆಯನ್ನೂ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರ ಇರುವುದು ಅಲ್ಲಿಯೇ. ನಾನು ಹನ್ನೆರಡು ವರ್ಷಗಳಿಂದ ರಾಯಚೂರಿನಲ್ಲಿ ನೈಟ್ರೊ ಗಾಡಿ ಓಡಿಸುತ್ತಿದ್ದೇನೆ. ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: 3.5 ಸಿಸಿಯ, ಮೂರು ಅಥವಾ ಐದು ಪೋರ್ಟಿನ, ಕೆಳಗಿನ ಆರ್‌ಪಿಎಂನಲ್ಲಿ ಎಳೆತವಿರುವ, ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸಲಾಕೆ) ಮೂರೂ ಬಿಡಿಯಾಗಿ ಸಿಗುವ ಹೊಸ ಇಂಜಿನ್ ಕೊಳ್ಳಿ. ಅಶ್ವಶಕ್ತಿಯ ಅಂಕಿಯನ್ನು ಓದಲೇಬೇಡಿ.

ಮೊದಲು ಪೋರ್ಟಿನ ವಿಷಯ. ಇವೆಲ್ಲ ಎರಡು ಸ್ಟ್ರೋಕಿನ ಇಂಜಿನ್ನುಗಳು. ನಮ್ಮ ಊರುಗಳಲ್ಲಿ ಇಂದಿಗೂ ಓಡುತ್ತಿರುವ ಆರ್‌ಎಕ್ಸ್ 100 ಬೈಕಿನ ಜಾತಿಯವೇ, ಕಿಡಿಯ ಬದಲು ಕಾದ ಸುರುಳಿಯಿಂದ ಹೊತ್ತಿಸುವ ಗ್ಲೋ ಪ್ಲಗ್ ಇದೆ ಅಷ್ಟೆ. ಕ್ರ್ಯಾಂಕ್‌ಕೇಸಿನಿಂದ ಗಾಳಿ ಮತ್ತು ಇಂಧನದ ಮಿಶ್ರಣವು ಸ್ಲೀವಿನ ಗೋಡೆಯ ಕಿಂಡಿಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ಬರುತ್ತದೆ, ಆ ಕಿಂಡಿಗಳೇ ಪೋರ್ಟುಗಳು. ಕಿಂಡಿ ಹೆಚ್ಚಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಉಸಿರಾಟ ಸಲೀಸು, ಕಡಿಮೆ ಇದ್ದರೆ ಕೆಳಗಿನ ಎಳೆತ ಗಟ್ಟಿ ಎಂಬುದು ಸ್ಥೂಲವಾದ ಮಾತು. ಸ್ಥೂಲ ಎಂದೆ, ಏಕೆಂದರೆ ಕಿಂಡಿಗಳ ಎತ್ತರ ಮತ್ತು ಅವು ತೆರೆದುಕೊಳ್ಳುವ ಸಮಯ ಅವುಗಳ ಸಂಖ್ಯೆಗಿಂತ ದೊಡ್ಡ ವಿಷಯ. ಆದರೂ ತಿರುವು ಹೆಚ್ಚಿರುವ ನಿಮ್ಮ ಟ್ರ್ಯಾಕಿನಲ್ಲಿ, ನಾಲ್ಕು ಕಿಲೋ ದಾಟುವ, ದೊಡ್ಡ ಟೈರಿನ ಟ್ರಗ್ಗಿಗೆ ಪ್ರತಿ ತಿರುವಿನಿಂದಲೂ ಎದ್ದು ಹೊರಡುವ ಶಕ್ತಿ ಬೇಕೇ ಹೊರತು 38,000 ಆರ್‌ಪಿಎಂ ಮುಟ್ಟುವ ಶಕ್ತಿ ಬೇಕಿಲ್ಲ. ಏಳು ಪೋರ್ಟಿನ ಇಂಜಿನ್ ರಸ್ತೆಯ ರೇಸ್ ಕಾರಿಗೆ ಚೆನ್ನ. ನಿಮ್ಮ ಮೈದಾನದಲ್ಲಿ ಅದು ಆ ವೇಗ ಮುಟ್ಟುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಇನ್ನು ಬಿಸಿಲು. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಈ ಭಾಗದಲ್ಲಿ ಇಂಜಿನ್ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ತಿಳಿದುಕೊಂಡಿರುತ್ತಾರೆ. ಗಾಳಿ ಬಿಸಿಯಾದರೆ ತೆಳ್ಳಗಾಗುತ್ತದೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿಯ ಸಾಂದ್ರತೆ ಶೇಕಡಾ 7ರಷ್ಟು ಕಡಿಮೆ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿದೆ, ಅದರಿಂದ ಇನ್ನೊಂದು ಶೇಕಡಾ 5 ಕಳೆಯಿರಿ. ಹಾಗಾಗಿ ತಯಾರಕರು ಕೊಟ್ಟ ಪುಸ್ತಕದಂತೆ ಸೂಜಿ (ಕಾರ್ಬೊರೇಟರಿನಲ್ಲಿ ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂ, ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ) ಕೂರಿಸಿದರೆ ನಮ್ಮಲ್ಲಿ ಗಾಳಿಗಿಂತ ಇಂಧನ ಹೆಚ್ಚಾಗಿ, ಇಂಜಿನ್ ಎಣ್ಣೆ ಉಗುಳುತ್ತಾ ಮಂಕಾಗಿ ಓಡುತ್ತದೆ. ಬಿಸಿಲು ಹೆಚ್ಚಿದಂತೆ ಸೂಜಿಯನ್ನು ಒಳಕ್ಕೆ ತಿರುಗಿಸಬೇಕೇ ಹೊರತು ತೆರೆಯಬೇಕಾಗಿಲ್ಲ. ಆದರೆ ಅದೇ ಬಿಸಿಲಿನಲ್ಲಿ ಹೆಡ್ಡನ್ನು (ರೆಕ್ಕೆಗಳಿರುವ ಇಂಜಿನ್ನಿನ ತಲೆಯನ್ನು) ತಣಿಸುವ ಗಾಳಿಯೂ ಬಿಸಿಯಾಗಿರುವುದರಿಂದ, ಚೆನ್ನಾಗಿ ಓಡುವ ಸ್ಥಿತಿಗೂ ಸುಟ್ಟುಹೋಗುವ ಸ್ಥಿತಿಗೂ ನಡುವಿನ ಅಂತರ ತೀರಾ ಕಿರಿದಾಗುತ್ತದೆ. ಅದಕ್ಕೇ ಸೂಜಿಯ ಸಣ್ಣ ತಪ್ಪನ್ನು ಸಹಿಸಿಕೊಳ್ಳುವ, ಹರಿತವಲ್ಲದ ಇಂಜಿನ್ ನಮಗೆ ಬೇಕು ಎನ್ನುವುದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ, 41 ಡಿಗ್ರಿಯಲ್ಲಿ, ಸೂಜಿಯನ್ನು ಅಂಚಿಗೆ ತಂದು ಕೂರಿಸಿದೆ. ಗಾಡಿ ಬಾಣದಂತೆ ಹೋಗುತ್ತಿತ್ತು. ಮಾತಿನಲ್ಲಿ ಹೊತ್ತು ಹೋಗಿ ಕೊನೆಯ ಓಟ ಶುರುವಾಗುವಾಗ ಏಳಾಗಿತ್ತು, ಗಾಳಿ 32 ಡಿಗ್ರಿಗೆ ಇಳಿದಿತ್ತು. ಗಾಳಿ ದಟ್ಟವಾಯಿತು, ಇಂಧನ ಮಾತ್ರ ಮೊದಲಿನಷ್ಟೇ ಹೋಗುತ್ತಿತ್ತು, ಅಂದರೆ ನಾನು ಮುಟ್ಟದೆಯೇ ಮಿಶ್ರಣ ತೆಳುವಾಗಿತ್ತು. ಪೈಪಿನ ಹೊಗೆ ನಿಂತದ್ದು ಮಬ್ಬು ಬೆಳಕಿನಲ್ಲಿ ನನಗೆ ಕಾಣಲಿಲ್ಲ. ಆರನೆಯ ಸುತ್ತಿನಲ್ಲಿ ಇಂಜಿನ್ ಕೀರಲು ದನಿಯಲ್ಲಿ ಏರಿ, ತಟ್ಟನೆ ನಿಂತಿತು. ಪ್ಲಗ್ ಬಿಚ್ಚಿ ನೋಡಿದಾಗ ಪ್ಲಾಟಿನಂ ಸುರುಳಿ ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿತ್ತು, ಹೆಡ್ ತೆಗೆದರೆ ಪಿಸ್ಟನ್ನಿನ ನೆತ್ತಿಯ ಒಂದು ಅಂಚು ಇಲಿ ಕಡಿದಂತೆ ಒರಟಾಗಿತ್ತು. ಅಂದಿನಿಂದ ಸೂರ್ಯ ಇಳಿಯುತ್ತಿದ್ದಂತೆ ಸೂಜಿಯನ್ನು ಗಡಿಯಾರದ ಒಂದು ಗಂಟೆಯ ಗುರುತಿನಷ್ಟು, ಅಂದರೆ ಸುತ್ತಿನ ಹನ್ನೆರಡನೆಯ ಒಂದು ಭಾಗ, ಹೊರಕ್ಕೆ ತಿರುಗಿಸುವುದನ್ನು ನಾನು ಮರೆತಿಲ್ಲ. ಕೈಯಲ್ಲಿ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಇಂಜಿನ್ನಿನ ಜೊತೆಗೇ ಕೊಂಡುಕೊಳ್ಳಿ. ಪ್ಲಗ್ಗಿನ ಬುಡದಲ್ಲಿ 105ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದು, ಪೈಪಿನಿಂದ ತೆಳುವಾದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ನೀವು ಸುರಕ್ಷಿತ. ಎರಡರಲ್ಲಿ ಒಂದನ್ನು ನಂಬಬೇಕಾದರೆ ಹೊಗೆಯನ್ನೇ ನಂಬಿ.

ತಯಾರಕರ ವಿಷಯಕ್ಕೆ ಬಂದರೆ, 1936ರಿಂದ ಇಂಜಿನ್ ಮಾಡುತ್ತಿರುವ ಜಪಾನಿನ ಓ.ಎಸ್., ಇಟಲಿಯ ನೊವಾರೊಸ್ಸಿ, ಪಿಕ್ಕೊ, ರೆಡ್ಸ್ ಇವೆಲ್ಲ ಬಲ್ಲವರ ಬಾಯಲ್ಲಿರುವ ಹೆಸರುಗಳು. ಯಾವುದನ್ನು ಕೊಂಡರೂ, ಕೊಳ್ಳುವ ಮೊದಲು ಅದರ ಕನೆಕ್ಟಿಂಗ್ ರಾಡ್ ಮತ್ತು ಹಿಂದಿನ ಬೇರಿಂಗ್ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಈ ವಾರವೇ ಸಿಗುತ್ತದೆಯೇ ಎಂದು ಫೋನ್ ಮಾಡಿ ಕೇಳಿ. ಸಿಗುವುದಿಲ್ಲವೆಂದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ. ರಾಡಿಗಾಗಿ ಎರಡು ತಿಂಗಳು ಕಾಯುವ ಇಂಜಿನ್ ಎಷ್ಟು ಉತ್ತಮವಾದರೇನು, ಅದು ಕಪಾಟಿನಲ್ಲೇ ಇರುತ್ತದೆ.

ಗಂಗಾವತಿ 4.6

ರಾಯಚೂರಿನ ಅಣ್ಣನವರ ಮಾತಿಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಪ್ರಶ್ನೆ ಕೇಳಿದವರು ಹೊಸಬರು, ಮತ್ತು ಹೊಸಬರಿಗೆ ಮೊದಲ ಆರು ತಿಂಗಳ ಕಷ್ಟ ಇಂಜಿನ್ ಶುರುಮಾಡುವುದರಲ್ಲಿಯೇ ಇರುತ್ತದೆ. ನಾನು ಮೂರು ವರ್ಷಗಳಿಂದ 4.6 ಸಿಸಿಯ ಇಂಜಿನ್ನನ್ನು ಮಾನ್‌ಸ್ಟರ್ ಟ್ರಕ್ಕಿನಲ್ಲಿ (ದೈತ್ಯ ಚಕ್ರಗಳ ಎತ್ತರದ ಗಾಡಿಯಲ್ಲಿ) ಓಡಿಸುತ್ತಿದ್ದೇನೆ. ಸ್ಟಾರ್ಟರ್ ಬಾಕ್ಸ್ ಹೊತ್ತೊಯ್ಯುವ ಗೋಜಿಲ್ಲ, ಹಗ್ಗ ಎಳೆದರೆ ಹೊರಡುತ್ತದೆ. ಗಾತ್ರದಿಂದಲೇ ಎಳೆತ ಬರುವುದರಿಂದ ಇಂಜಿನ್ನನ್ನು ಮೇಲಿನ ಆರ್‌ಪಿಎಂಗೆ ಹಿಂಡಬೇಕಾಗುವುದಿಲ್ಲ, ಮತ್ತು ಸೂಜಿ ಸ್ವಲ್ಪ ಹೆಚ್ಚು ತೆರೆದಿದ್ದರೂ ಗಾಡಿ ಮುಂದೆ ಹೋಗುತ್ತದೆ. ಗದ್ದೆ ಬಯಲಿನಲ್ಲಿ ಗೆಳೆಯರೊಂದಿಗೆ ಓಡಿಸುವುದಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು?

ಎರಡು ಸ್ಟ್ರೋಕ್, ರಾಯಚೂರು

ತಮ್ಮ, ನಿಮ್ಮ ಮಾನ್‌ಸ್ಟರ್ ಟ್ರಕ್ಕಿಗೆ ನೀವು ಹೇಳಿದ್ದು ಪೂರ್ತಿ ಸರಿ, ಅದಕ್ಕೆ ನನ್ನ ತಕರಾರಿಲ್ಲ. ಟ್ರಗ್ಗಿಯಲ್ಲಿ ಮೂರು ತೊಡಕುಗಳಿವೆ. ಹೆಚ್ಚಿನ 4.6 ಸಿಸಿ ಇಂಜಿನ್ನುಗಳ ಹೊರಗಿನ ಅಳತೆ 3.5ರಷ್ಟೇ ಇರುತ್ತದೆ, ಒಳಗೆ ಸುಡುವ ಇಂಧನ ಮಾತ್ರ ಹೆಚ್ಚು. ಹಾಗಾಗಿ ಅಷ್ಟೇ ರೆಕ್ಕೆಗಳ ಹೆಡ್ಡು ಹೆಚ್ಚಿನ ಬಿಸಿಯನ್ನು ಹೊರಹಾಕಬೇಕು, ಮತ್ತು ಟ್ರಗ್ಗಿಯ ಬಾಡಿಯ ಕೆಳಗೆ ಗಾಳಿಯಾಡುವ ಜಾಗ ಮಾನ್‌ಸ್ಟರ್ ಟ್ರಕ್ಕಿನಲ್ಲಿರುವಷ್ಟು ಇರುವುದಿಲ್ಲ. 150 ಸಿಸಿಯ ಟ್ಯಾಂಕು 3.5ರ ಇಂಜಿನ್ನಿನಲ್ಲಿ ಎಂಟರಿಂದ ಹತ್ತು ನಿಮಿಷ ಬಂದರೆ, 4.6ರಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ. ಇಂಧನ ಸಿಗುವುದೇ ದುರ್ಲಭವಾಗಿರುವ ನಮ್ಮ ಕಡೆ ಇದು ಚಿಕ್ಕ ಮಾತಲ್ಲ. ಕೊನೆಯದಾಗಿ, 1/8 ಆಫ್‌ರೋಡ್‌ನ ಅಂತರರಾಷ್ಟ್ರೀಯ ನಿಯಮದ ಮಿತಿ 3.5 ಸಿಸಿ. ಇಂದು ಆರು ಜನ ಗೆಳೆಯರೊಂದಿಗೆ ಓಡಿಸುವವರು ನಾಳೆ ಬೇರೆ ಊರಿನ ರೇಸಿಗೆ ಹೋಗಬೇಕೆಂದರೆ ಇಂಜಿನ್ನನ್ನೇ ಬದಲಿಸಬೇಕಾದೀತು. ಹಗ್ಗದ ಸ್ಟಾರ್ಟರ್ ಇಂಜಿನ್ನಿನ ಹಿಂಬದಿಯಲ್ಲಿ ಇನ್ನೊಂದು ಸವೆಯುವ ಭಾಗ ಎಂಬುದನ್ನೂ ಮರೆಯಬಾರದು. ಹೊಸ ಇಂಜಿನ್ನಿನ ಬಿಗಿತದಲ್ಲಿ ಹಗ್ಗ ಕಿತ್ತುಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಸಂಡೂರು ಮಣ್ಣು

ಬಿಸಿಲಿನ ಬಗ್ಗೆ ಮಾತಾಯಿತು. ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಬಿಸಿಲಿಗಿಂತ ಹೆಚ್ಚು ಇಂಜಿನ್ನುಗಳನ್ನು ತಿಂದಿರುವುದು ಧೂಳು, ಆದ್ದರಿಂದ ಅದನ್ನೇ ಬರೆಯುತ್ತೇನೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 3.5 ಸಿಸಿಯ ಎರಡು ಸ್ಟ್ರೋಕ್ ಇಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉಸಿರೆಳೆಯುತ್ತದೆ. 30,000 ಆರ್‌ಪಿಎಂನಲ್ಲಿ, ಪೂರ್ತಿ ತುಂಬಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, ನಿಮಿಷಕ್ಕೆ 105 ಲೀಟರ್ ಗಾಳಿ. ನಿಜದಲ್ಲಿ ಅದಕ್ಕಿಂತ ಕಡಿಮೆ ಇದ್ದರೂ, ಹತ್ತು ನಿಮಿಷದ ಓಟದಲ್ಲಿ ನೂರಾರು ಲೀಟರ್ ಗಾಳಿ ನಿಮ್ಮ ಮುಷ್ಟಿಗಿಂತ ಚಿಕ್ಕದಾದ ಸ್ಪಂಜಿನ ಮೂಲಕ ಹಾದುಹೋಗುತ್ತದೆ, ಅದೂ ಮುಂದಿನ ಗಾಡಿ ಎಬ್ಬಿಸಿದ ಧೂಳಿನ ನಡುವೆ. ಮಸಾರಿ ಮಣ್ಣಿನಲ್ಲಿರುವ ಮರಳಿನ ಕಣ ಉಕ್ಕನ್ನೇ ಗೀಚಬಲ್ಲದು. ಸಂಡೂರಿನ ಕಡೆಯ ಅದಿರು ಧೂಳಂತೂ ಪೌಡರಿನಷ್ಟು ನುಣುಪು, ಎಣ್ಣೆ ಹಚ್ಚದ ಫಿಲ್ಟರಿನಲ್ಲಿ ನೀರಿನಂತೆ ನುಸುಳಿಹೋಗುತ್ತದೆ.

ಈ ಧೂಳು ಮೊದಲು ಹೊಡೆಯುವುದು ಎಲ್ಲರೂ ತಿಳಿದುಕೊಂಡಿರುವಂತೆ ಪಿಸ್ಟನ್ನನ್ನಲ್ಲ. ಈ ಇಂಜಿನ್ನುಗಳಲ್ಲಿ ಕಾರ್ಬೊರೇಟರಿನಿಂದ ಬಂದ ಮಿಶ್ರಣ ಟೊಳ್ಳಾದ ಕ್ರ್ಯಾಂಕ್‌ಶಾಫ್ಟಿನ ಒಳಗಿನಿಂದ ಹಾದು ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ. ದಾರಿಯಲ್ಲಿ ಅದು ಎದುರಾಗುವುದು ಹಿಂದಿನ ಬೇರಿಂಗಿಗೆ ಮತ್ತು ಕನೆಕ್ಟಿಂಗ್ ರಾಡಿನ ಕೆಳಗಿನ ಬುಷ್‌ಗೆ. ಅಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಒಂದು ದಿನ ರಾಡ್ ಮುರಿದು ಸ್ಲೀವು, ಪಿಸ್ಟನ್ನು, ಕೇಸು ಎಲ್ಲವನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಆದ್ದರಿಂದ ಐವತ್ತು ಸಾವಿರದಲ್ಲಿ ಮೊದಲು ಎರಡು ಪದರದ ಸ್ಪಂಜಿರುವ ಒಳ್ಳೆಯ ಫಿಲ್ಟರ್ ಮತ್ತು ಆರು ಬಿಡಿ ಸ್ಪಂಜುಗಳಿಗೆ ಹಣ ತೆಗೆದಿಡಿ. ಹೊರಗಿನ ದಪ್ಪ ಸ್ಪಂಜಿಗೂ ಒಳಗಿನ ನುಣುಪು ಸ್ಪಂಜಿಗೂ ಫಿಲ್ಟರ್ ಎಣ್ಣೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಟ್ಟು ನಾದುವಂತೆ ನಾದಬೇಕು. ಎಲ್ಲಿಯೂ ಒಣ ಮಚ್ಚೆ ಉಳಿಯಬಾರದು, ಹಿಂಡಿದರೆ ತೊಟ್ಟಿಕ್ಕಲೂಬಾರದು. ಪ್ರತಿ ಸಂಜೆಗೂ ಹೊಸದಾಗಿ ಎಣ್ಣೆ ಹಾಕಿದ ಸ್ಪಂಜು ಇರಲಿ. ಬಳಸಿದ್ದನ್ನು ಸೀಮೆಎಣ್ಣೆಯಲ್ಲಿ, ಆಮೇಲೆ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಫಿಲ್ಟರಿನ ಕುತ್ತಿಗೆ ಕಾರ್ಬೊರೇಟರಿಗೆ ಕೂರುವಲ್ಲಿ ಜಿಪ್ ಟೈ ಬಿಗಿದು, ಕಾರ್ಬೊರೇಟರಿನ ಬುಡದಲ್ಲಿ ಸಂದು ಇಲ್ಲದಂತೆ ನೋಡಿಕೊಳ್ಳಿ. ಅಲ್ಲಿ ಗಾಳಿ ನುಸುಳಿದರೆ ಧೂಳೂ ಬರುತ್ತದೆ, ಐಡಲ್ ಕೂಡ ಒಂದೇ ಸಮ ನಿಲ್ಲುವುದಿಲ್ಲ.

ನಿಮ್ಮ ಮೂರನೆಯ ದಾರಿ, ಅಂದರೆ ಹಳೆಯ ಇಂಜಿನ್ನಿನ ಬಗ್ಗೆ ಹೇಳುತ್ತೇನೆ. ಹತ್ತು ಲೀಟರ್ ಎಂಬ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ಫಿಲ್ಟರ್ ಸರಿಯಿಲ್ಲದೆ ಓಡಿದ ಎರಡು ಲೀಟರ್ ಕೂಡ ಇಂಜಿನ್ನನ್ನು ಮುಗಿಸಬಲ್ಲದು. ನೀವೇ ಹೋಗಿ, ಪ್ಲಗ್ ಬಿಚ್ಚಿ, ತಣ್ಣಗಿನ ಇಂಜಿನ್ನಿನ ಫ್ಲೈವೀಲನ್ನು ಹೆಬ್ಬೆರಳಿನಿಂದ ನಿಧಾನ ತಿರುಗಿಸಿ. ಈ ಇಂಜಿನ್ನುಗಳ ಪಿಸ್ಟನ್ನಿಗೆ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್ನು ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವಿನ ಒಳಗೆ ಓಡುತ್ತದೆ, ಸ್ಲೀವು ಮೇಲೆ ಹೋದಂತೆ ಸ್ವಲ್ಪವೇ ಕಿರಿದಾಗುತ್ತದೆ. ಹೀಗಾಗಿ ತಣ್ಣಗಿರುವಾಗ ಪಿಸ್ಟನ್ ತುದಿಗೆ ಬಂದಾಗ ಕಚ್ಚಿ ಹಿಡಿಯಬೇಕು. ಪ್ಲಗ್ ಇಲ್ಲದೆಯೂ ಆ ಕಚ್ಚುವಿಕೆ ಕೈಗೆ ತಿಳಿದರೆ ಸ್ಲೀವಿನಲ್ಲಿ ಜೀವವಿದೆ. ಬೆಣ್ಣೆಯಲ್ಲಿ ಚಾಕು ಹೋದಂತೆ ದಾಟಿಬಿಟ್ಟರೆ ಅದರ ಕಾಲ ಮುಗಿದಿದೆ. ಅಂಥ ಇಂಜಿನ್ ತಣ್ಣಗಿದ್ದಾಗ ಶುರುವಾಗಿ, ಕಾದ ಮೇಲೆ ನಿಂತುಹೋಗಿ, ಆರಿದ ಮೇಲೆ ಮತ್ತೆ ಶುರುವಾಗುತ್ತದೆ. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆಯಲು ಅನುಮತಿ ಕೇಳಿ. ಒಪ್ಪದಿದ್ದರೆ ಅಲ್ಲಿಂದಲೇ ಹಿಂತಿರುಗಿ. ಒಪ್ಪಿದರೆ ಒಳಗೆ ಟಾರ್ಚ್ ಹಿಡಿದು ಎಣ್ಣೆಯ ಬಣ್ಣ ನೋಡಿ.

ಹೊಲಿಗೆಯಂತ್ರ, ಬಳ್ಳಾರಿ

ಇಷ್ಟು ವಿವರವಾಗಿ ಬರೆದುಕೊಟ್ಟ ಎಲ್ಲರಿಗೂ ನಾನು ಋಣಿ. 4.6ರ ಯೋಚನೆಯನ್ನು ಬಿಟ್ಟಿದ್ದೇನೆ. ಗಂಗಾವತಿಯ ಗೆಳೆಯರು ಬೇಸರಿಸಬಾರದು, ನಿಮ್ಮ ಮಾತು ನನ್ನ ಗಾಡಿಗೆ ಹೊಂದಲಿಲ್ಲ ಅಷ್ಟೆ. ಈ ಭಾನುವಾರ ಹಳೆಯ ಇಂಜಿನ್ನನ್ನು ನೋಡಿಬರುತ್ತೇನೆ. ಇನ್ನೆರಡು ಸಂಗತಿ ಕೇಳಬೇಕಿತ್ತು. ನನಗೆ ಸಿಗುವ ಇಂಧನದಲ್ಲಿ ನೈಟ್ರೊ ಒಮ್ಮೆ ಶೇಕಡಾ 16 ಇರುತ್ತದೆ, ಒಮ್ಮೆ 25. ಇದಕ್ಕೆ ತಕ್ಕಂತೆ ಇಂಜಿನ್ ಆರಿಸಬೇಕೇ, ಅಥವಾ ಇಂಜಿನ್ನಿಗೆ ತಕ್ಕಂತೆ ಇಂಧನಕ್ಕಾಗಿ ಕಾಯಬೇಕೇ? ಎರಡನೆಯದು, ಹೊಸ ಇಂಜಿನ್ನನ್ನು ಪಳಗಿಸುವ ಬಗೆ. ನಮ್ಮ ಸೆಕೆಯಲ್ಲಿ ಹೆಡ್ಡನ್ನು ಬಿಸಿ ಮಾಡುವ ಅಗತ್ಯವಿಲ್ಲವೆಂದು ಒಬ್ಬರು ಹೇಳಿದರು.

ಎರಡು ಸ್ಟ್ರೋಕ್, ರಾಯಚೂರು

ಆ ಒಬ್ಬರ ಮಾತು ಕೇಳಬೇಡಿ. ಪಿಸ್ಟನ್ ಮತ್ತು ಸ್ಲೀವು ಸರಿಯಾಗಿ ಹೊಂದಿಕೊಳ್ಳುವುದು ನೂರು ಡಿಗ್ರಿಯ ಆಸುಪಾಸಿನಲ್ಲಿ, ನಮ್ಮ 42 ಡಿಗ್ರಿ ಅದರ ಅರ್ಧವೂ ಅಲ್ಲ. ಹೇರ್ ಡ್ರೈಯರಿನಿಂದ ಹೆಡ್ಡನ್ನು 80–90 ಡಿಗ್ರಿಗೆ ಕಾಯಿಸಿ, ಥರ್ಮಾಮೀಟರಿನಲ್ಲಿ ನೋಡಿಕೊಂಡು, ಆಮೇಲೆ ಸ್ಟಾರ್ಟರ್ ಬಾಕ್ಸಿನ ಮೇಲಿಡಿ. ಮೊದಲ ಟ್ಯಾಂಕುಗಳನ್ನು ಸೂಜಿ ತೆರೆದಿಟ್ಟು, ಆದರೆ ಹೆಡ್ಡು 90ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡು ಓಡಿಸಿ. ಪ್ರತಿ ಟ್ಯಾಂಕಿನ ನಂತರವೂ ಪಿಸ್ಟನ್ನನ್ನು ಕೆಳತುದಿಗೆ ತಂದು ಇಂಜಿನ್ ಪೂರ್ತಿ ಆರಲು ಬಿಡಿ. ಮೇಲ್ತುದಿಯಲ್ಲಿ ಬಿಟ್ಟರೆ ಸ್ಲೀವು ತಣಿಯುತ್ತಾ ಪಿಸ್ಟನ್ನನ್ನು ಅಪ್ಪಿ ಹಿಡಿಯುತ್ತದೆ. ಫ್ಲೈವೀಲಿನ ಅಂಚಿನಲ್ಲಿ ಕೆಳತುದಿಯ ಗುರುತನ್ನು ಮಾರ್ಕರಿನಿಂದ ಹಾಕಿಕೊಂಡರೆ ಪ್ರತಿಸಲ ಹುಡುಕಬೇಕಾಗಿಲ್ಲ.

ಇಂಧನದ ಪ್ರಶ್ನೆ ಒಳ್ಳೆಯದು. ಒಂದೇ ಇಂಧನವನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಮೆಥನಾಲಿಗೆ 6.4 ಕಿಲೋ ಸಾಕು. ತನ್ನೊಳಗೇ ಆಮ್ಲಜನಕ ಹೊತ್ತಿರುವ ನೈಟ್ರೊಮೀಥೇನಿಗೆ 1.7 ಕಿಲೋ ಸಾಕು. ಅದಕ್ಕೇ ನೈಟ್ರೊ ಹೆಚ್ಚಿದಂತೆ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಸುಡುತ್ತದೆ, ಸೂಜಿಯನ್ನು ಹೆಚ್ಚು ತೆರೆಯಬೇಕಾಗುತ್ತದೆ. 16ಕ್ಕೆ ಕೂರಿಸಿದ ಸೂಜಿಯಲ್ಲಿ 25 ಹಾಕಿ ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ. 25ಕ್ಕೆ ಹೆಡ್ಡಿನ ಕೆಳಗೆ ಒಂದು ಶಿಮ್ (ತೆಳು ಲೋಹದ ಬಳೆ) ಹೆಚ್ಚು ಹಾಕಿ, ಒಂದು ದರ್ಜೆ ತಣ್ಣಗಿನ ಪ್ಲಗ್ ಬಳಸುವುದು ವಾಡಿಕೆ. ನಿಮ್ಮ ಟ್ರ್ಯಾಕಿಗೆ 16 ಧಾರಾಳ ಸಾಕು. ನೈಟ್ರೊಗಿಂತ ಎಣ್ಣೆಯ ಪ್ರಮಾಣವನ್ನು ಮೊದಲು ಕೇಳಿ: ರೇಸಿನ ಇಂಧನದಲ್ಲಿ ಎಣ್ಣೆ ಶೇಕಡಾ 10ರ ಆಸುಪಾಸು ಇರುತ್ತದೆ, ಹೊಸಬರಿಗೆ, ಅದೂ ನಮ್ಮ ಬಿಸಿಲಿಗೆ, ಶೇಕಡಾ 14ಕ್ಕಿಂತ ಕೆಳಗಿನದು ಬೇಡ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸ್ವಲ್ಪ ಹರಳೆಣ್ಣೆ ಸೇರಿದ್ದರೆ ಇನ್ನೂ ಒಳ್ಳೆಯದು, ಮಿಶ್ರಣ ತೆಳುವಾದಾಗ ಕೊನೆಯವರೆಗೂ ಪಿಸ್ಟನ್ನಿಗೆ ಅಂಟಿಕೊಂಡು ಕಾಯುವುದು ಅದೇ.

ಇನ್ನೊಂದು ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಹಾಕಿದ ಇಂಧನ ಶರಬತ್ತಿನಂತೆಯೇ ಕಾಣುತ್ತದೆ, ಆದ್ದರಿಂದ ತಂಪು ಪಾನೀಯದ ಬಾಟಲಿಗೆ ಒಂದು ಗಳಿಗೆಗೂ ಸುರಿದಿಡಬೇಡಿ, ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಮೈದಾನದಲ್ಲಿ ಒಂದು ಬಕೆಟ್ ನೀರು ಪಕ್ಕದಲ್ಲಿರಲಿ, ಮೆಥನಾಲ್ ನೀರಿನಲ್ಲಿ ಬೆರೆಯುತ್ತದೆ. ಬೆಂಗಳೂರಿನಿಂದ ತರುವಾಗ ರೈಲಿನಲ್ಲಿ ತರಬೇಡಿ, ಅದು ಕಾನೂನಿಗೂ ವಿರುದ್ಧ, ಸಹಪ್ರಯಾಣಿಕರಿಗೂ ಅಪಾಯ.

ಸಂಡೂರು ಮಣ್ಣು

ಎರಡು ಸಣ್ಣ ಸೇರ್ಪಡೆ. ಕ್ಲಚ್ ಬೆಲ್ (ಇಂಜಿನ್ನಿನ ಶಕ್ತಿಯನ್ನು ಗಾಡಿಗೆ ದಾಟಿಸುವ ಹಲ್ಲಿನ ಬಟ್ಟಲು) 13 ಹಲ್ಲಿನದನ್ನೇ ತೆಗೆದುಕೊಳ್ಳಿ, ಇಂಜಿನ್ ಹಗುರವಾಗಿ ಎಳೆಯುತ್ತದೆ, ಹೆಡ್ಡಿನ ಬಿಸಿಯೂ ತಗ್ಗುತ್ತದೆ. ಹೆಡರ್, ಅಂದರೆ ಇಂಜಿನ್ನನ್ನು ಹೊಗೆಯ ಪೈಪಿಗೆ ಜೋಡಿಸುವ ಕೊಳವೆ, ಉದ್ದದ್ದಿರಲಿ. ಪೈಪಿನಲ್ಲಿ ಹೊರಟ ಒತ್ತಡದ ಅಲೆ ಹಿಂತಿರುಗಿ ಬರಲು ಹೆಚ್ಚು ಹೊತ್ತು ಹಿಡಿದಷ್ಟೂ ಎಳೆತ ಕೆಳಗಿನ ಆರ್‌ಪಿಎಂಗೆ ಇಳಿಯುತ್ತದೆ, ಟ್ರಗ್ಗಿಗೆ ಬೇಕಾಗಿರುವುದೂ ಅದೇ.

ಹೊಲಿಗೆಯಂತ್ರ, ಬಳ್ಳಾರಿ

ಭಾನುವಾರ ಹೋಗಿಬಂದೆ. ಫ್ಲೈವೀಲ್ ತಿರುಗಿಸಿದಾಗ ಮೇಲ್ತುದಿಯಲ್ಲಿ ಕಚ್ಚುವಿಕೆ ಇತ್ತು, ತುಸು ಸಡಿಲವೆನಿಸಿದರೂ ಇತ್ತು, ಒಂದು ಕ್ಷಣ ಕೊಂಡೇಬಿಡೋಣವೆನಿಸಿತು. ಆದರೂ ಹಿಂದಿನ ಮುಚ್ಚಳ ತೆಗೆಯಲು ಕೇಳಿದೆ, ಅವರು ಬೇಡವೆನ್ನಲಿಲ್ಲ. ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಯ ಚೂರಿಗೆ ಒರೆಸಿಕೊಂಡು ನೋಡಿದರೆ ಇಟ್ಟಿಗೆಯ ಬಣ್ಣ. ಬೆರಳುಗಳ ನಡುವೆ ತಿಕ್ಕಿದಾಗ ನುಣ್ಣನೆಯ ರವೆ ಸಿಕ್ಕಂತಾಯಿತು. ಕ್ರ್ಯಾಂಕನ್ನು ಒಂದು ಕೈಯಲ್ಲಿ ಹಿಡಿದು ರಾಡನ್ನು ಅಲುಗಿಸಿದಾಗ, ಹೊಲಿಗೆ ಯಂತ್ರದಲ್ಲಿ ಸವೆದ ಸೂಜಿಗಂಬಿಯನ್ನು ಅಲುಗಿಸಿದರೆ ಬರುವಂಥ ಸಣ್ಣ ಟಕ್ ಸದ್ದು ಕೇಳಿಸಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಮಾರುವವರಿಗೂ ತೋರಿಸಿದೆ. ಅವರು ಇದನ್ನು ಎಂದೂ ಬಿಚ್ಚಿ ನೋಡಿರಲಿಲ್ಲವಂತೆ, ತಾವು ಕೂಡ ಬೇರೊಬ್ಬರಿಂದ ಕೊಂಡದ್ದಂತೆ.

ನಿನ್ನೆ ಐದು ಪೋರ್ಟಿನ, 3.5 ಸಿಸಿಯ ಹೊಸ ಇಂಜಿನ್ನಿಗೆ ಹಣ ಕಟ್ಟಿದೆ. ಅದರ ರಾಡೂ ಬೇರಿಂಗೂ ಹೈದರಾಬಾದಿನಲ್ಲಿ ಇವೆ ಎಂದು ಮೊದಲೇ ಫೋನಿನಲ್ಲಿ ಖಚಿತ ಮಾಡಿಕೊಂಡಿದ್ದೇನೆ. 13 ಹಲ್ಲಿನ ಬೆಲ್, ಉದ್ದ ಹೆಡರ್, ಸ್ಟಾರ್ಟರ್ ಬಾಕ್ಸ್, ಥರ್ಮಾಮೀಟರ್, ಆರು ಸ್ಪಂಜುಗಳು ಎಲ್ಲ ಸೇರಿ ನನ್ನ ಮಿತಿಯನ್ನು ಸ್ವಲ್ಪವೇ ದಾಟಿದೆ. ಇಂಜಿನ್ ಬರುವಷ್ಟರಲ್ಲಿ ಸ್ಪಂಜುಗಳಿಗೆ ಎಣ್ಣೆ ನಾದಿ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಮೊದಲ ಟ್ಯಾಂಕಿನ ದಿನ ಹೆಡ್ಡಿನ ಬಿಸಿಯನ್ನೂ ಹೊಗೆಯ ಬಣ್ಣವನ್ನೂ ಇಲ್ಲಿಯೇ ಬರೆಯುತ್ತೇನೆ, ಸೂಜಿ ಎಲ್ಲಿದೆ ನೋಡಿ ಹೇಳಬೇಕು.